ಬೋಟಿಗೆ ತಲೆ ಲೆಕ್ಕ ಬೇಡ: ಬೆಳಗಾವಿ ಮಕ್ಕಳ ಜೊತೆ ಕಾರವಾರದ ನೀರಿನಲ್ಲಿ

ಬೆಳಗಾವಿ ಕಡೆಯ ಶಾಲೆ ಮಕ್ಕಳಿಗೆ ನಾನು ಮಾಡಿಸುವ ಕಾರವಾರ ಬೋಟು ಪ್ರವಾಸ ಈ ವರ್ಷ ಕೊನೆಗೂ ಲಾಭಕ್ಕೆ ಬಂತು. ದೊಡ್ಡ ಲಾಭವೇನಲ್ಲ. ಎಲ್ಲಾ ಖರ್ಚು ಕಳೆದು ಒಂದು ಮಗುವಿಗೆ ನೂರು, ನೂರೈವತ್ತು ಉಳಿಯುತ್ತದೆ. ಆದರೆ 'ಇದು ಆಗೋ ಮಾತಲ್ಲ ಬಿಡ್ರಿ' ಅಂದಿದ್ದ ಟಿಳಕವಾಡಿಯ ಪ್ರವಾಸದವರೇ ಈಗ ಫೋನ್ ಮಾಡಿ ನಮ್ಮ ಬೋಟು ನಡೆಸುವ ತಾಂಡೇಲನ ನಂಬರ್ ಕೇಳುತ್ತಿದ್ದಾರೆ. ನಂಬರ್ ಕೊಡಲ್ಲ. ಉಳಿದದ್ದು ಬರೆಯುತ್ತೇನೆ.

ಅವರ ಹೆದರಿಕೆ ಸುಳ್ಳಲ್ಲ. 2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದಾದ ಮೇಲೆ ನಾನು ಹೋದ ಶಾಲೆಗಳಲ್ಲಿ ಮಾತೇ ಮುಂದಕ್ಕೆ ಹೋಗುತ್ತಿರಲಿಲ್ಲ. ಬೈಲಹೊಂಗಲ ಕಡೆಯ ಒಬ್ಬ ಹೆಡ್‌ಮಾಸ್ತರು, "ಈಜು ಬರಲಾರದ ಹುಡುಗ್ರನ್ನ ಸಮುದ್ರಕ್ಕ ಒಯ್ತೀರೇನ್ರೀ? ತಲಿ ನೆಟ್ಟಗೈತಿಲ್ಲೋ?" ಅಂತ ಕೇಳಿ, ಚಹಾ ಕುಡಿಸಿ ಕಳಿಸಿದರು.

ನನ್ನ ಪ್ರಕಾರ ಅಪಾಯ ಶುರುವಾಗುವುದು ದುಡ್ಡು ಕೊಡುವ ರೀತಿಯಲ್ಲಿ. ತಲೆಗಿಷ್ಟು ಅಂತ ಕೊಟ್ಟರೆ ಬೋಟಿನವನು ತುಂಬುತ್ತಾನೆ, ತುಂಬಲೇಬೇಕು, ಡೀಸೆಲ್ ಅವನದು. ಹಾಗಾಗಿ ನಾನು ಗಂಟೆ ಲೆಕ್ಕದಲ್ಲಿ ಮಾತಾಡಿದೆ. ಇಪ್ಪತ್ತು ಜನ ಹಿಡಿಯುವ ಬೋಟಿಗೆ ಹನ್ನೆರಡೇ ಮಕ್ಕಳು, ಜೊತೆಗೆ ಒಬ್ಬ ಅಕ್ಕೋರು (ಟೀಚರ್). ಉಳಿದವರು ಆ ಹೊತ್ತಿಗೆ ಕಾಳಿ ನದಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಕೆಸರಿನಲ್ಲಿ. ಅಲ್ಲಿ ಬೇರುಗಳು ಉಸಿರಾಡಲು ಮೇಲಕ್ಕೆ ಚುಚ್ಚಿಕೊಂಡು ನಿಂತಿರುತ್ತವೆ, ಮಕ್ಕಳು ಎಣಿಸುತ್ತಾ ಕೂರುತ್ತಾರೆ. ಮೊದಮೊದಲು ತಾಂಡೇಲ ನಕ್ಕ. ಅರ್ಧ ಖಾಲಿ ಬೋಟಿಗೂ ಪೂರ್ತಿ ಬಾಡಿಗೆ ಕೈಗೆ ಬಂದ ಮೇಲೆ ಅವನೇ 'ಇನ್ನೊಬ್ಬರನ್ನ ಹತ್ತಿಸಬೇಡಿ ಸರ್' ಅನ್ನತೊಡಗಿದ.

ಮೊದಲ ವರ್ಷ ನುಂಗಿದ್ದು ಸುಮಾರು ಮೂವತ್ತು ಸಾವಿರ. ಬೆಳಗಾವಿಯಿಂದ ನಸುಕಿನಲ್ಲಿ ಹೊರಟು, ಅಣಶಿ ಘಾಟಿನ ತಿರುವುಗಳಲ್ಲೇ ಅರ್ಧ ಬಸ್ಸು ವಾಂತಿ, ಮಧ್ಯಾಹ್ನ ಬೋಟು. ಬಿಸಿಲೇರಿ ನೆಲ ಕಾದಂತೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಅಲೆ ಜಾಸ್ತಿಯಾಗುತ್ತದೆ. ಉಳಿದರ್ಧವೂ ಅಲ್ಲೇ ಆಯಿತು. ಒಂದು ಶಾಲೆ ಬಾಕಿ ದುಡ್ಡು ಕೊಡಲೇ ಇಲ್ಲ. ಈಗ ಹಿಂದಿನ ದಿನವೇ ಕಾರವಾರದಲ್ಲಿ ವಸತಿ. ಮಗುವಿಗೆ ನೂರೈವತ್ತು ಜಾಸ್ತಿ ಬೀಳುತ್ತದೆ. ಬೆಳಿಗ್ಗೆ ಏಳೂವರೆಗೆ ಕೋಡಿಬಾಗದಿಂದ ಬೋಟು, ಹತ್ತೂವರೆಗೆ ಎಲ್ಲಾ ತಂಡಗಳೂ ದಡದಲ್ಲಿ. ಪೂರಿ ಭಾಜಿ ಬಂದ್. ಬಾಳೆಹಣ್ಣು, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ವಾಂತಿ ಬರೋ ಹುಡುಗರಿಗೆ ಬೋಟಿನಲ್ಲಿ ಒಂದು ಕೆಲಸ ಕೊಡುತ್ತೇನೆ, ಹೊಟ್ಟೆಯ ನೆನಪೇ ಆಗಲ್ಲ. ಯಾವ ಕೆಲಸ ಅನ್ನುವುದು ನನ್ನ ಹತ್ತಿರವೇ ಇರಲಿ.

ತಾರೀಖು ಹಿಡಿಯುವಾಗ ಪಂಚಾಂಗ ನೋಡಿ, ಸಮುದ್ರದ ನೀರಿನ ಏರಿಳಿತ ತಿಥಿಯ ಮೇಲೆ ನಡೆಯುತ್ತದೆ. ಇಳಿತದಲ್ಲಿ ಕಾಳಿ ಬಾಯಿಯ ಮರಳಿಗೆ ಬೋಟಿನ ತಳ ತಾಗುತ್ತದೆ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅದಕ್ಕೇ ಹೋದ ತಿಂಗಳ ಟೈಮು ಈ ವಾರಕ್ಕೆ ನಡೆಯಲ್ಲ.

ಲೈಫ್ ಜಾಕೆಟ್ ದಡದಲ್ಲಿ ಕೊಡುವುದನ್ನು ನಂಬಬೇಡಿ. ಎಲ್ಲಾ ದೊಡ್ಡವರ ಅಳತೆ. ನಾನು ಮಕ್ಕಳ ಅಳತೆಯದನ್ನೇ ತರಿಸಿದೆ, ಒಂದಕ್ಕೆ ಸಾವಿರದ ಆಸುಪಾಸು. ಶಾಲೆಯ ಮೈದಾನದಲ್ಲೇ ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತುತ್ತೇನೆ. ಜಾಕೆಟ್ ಜಾರಿ ಗದ್ದ, ಕಿವಿ ಒಳಗೆ ಹೋದರೆ ಆ ಮಗುವಿಗೆ ಅದು ಆಗಲ್ಲ. ಐದನೇ ಕ್ಲಾಸಿನವರಿಗೆ ತೊಡೆ ಸಂದಿಯ ಪಟ್ಟಿ ಇರಲೇಬೇಕು. ಆ ಹೆಡ್‌ಮಾಸ್ತರರ ಮುಂದೆ ಇದೇ ಪರೀಕ್ಷೆ ಮಾಡಿ ತೋರಿಸಿದ ಮೇಲೆ ಅವರು ಅಡ್ವಾನ್ಸ್ ಕೊಟ್ಟರು.

ಇತಿಹಾಸಕ್ಕೆ ಭಾಷಣ ಬೇಡ. ಬೋಟು ಸದಾಶಿವಗಡ ಕೋಟೆಯ ಕೆಳಗೆ ಬಂದಾಗ ಒಂದೇ ಪ್ರಶ್ನೆ ಕೇಳುತ್ತೇನೆ: 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದರಲ್ಲ, ಏನು ಒಯ್ಯೋಕೆ? ಎಲ್ಲರೂ 'ಮೆಣಸು' ಅಂತಾರೆ. ಹೌದು, ಆದರೆ ಹುಬ್ಬಳ್ಳಿ ಕಡೆ ನೇಯ್ದ ಮಸ್ಲಿನ್ ಬಟ್ಟೆಯೂ ಹೋಗುತ್ತಿತ್ತು ಅಂದಾಗ, ನೇಕಾರರ ಮನೆ ಮಕ್ಕಳು ತಟ್ಟನೆ ತಲೆ ಎತ್ತುತ್ತಾರೆ. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ನಮ್ಮ ಕಡೆಯ ಹತ್ತಿ ಸಾಗಿಸುವ ಬಂದರಿನ ಆಸೆ ಇತ್ತು. ಇಷ್ಟು ಸಾಕು. ಅಷ್ಟರಲ್ಲಿ ಗೂನು ಬೆನ್ನಿನ ಡಾಲ್ಫಿನ್ ಎದ್ದರೆ ಯಾರೂ ಇತಿಹಾಸ ಕೇಳಲ್ಲ. ಅವು ಎಲ್ಲಿ ಏಳುತ್ತವೆ ಅನ್ನೋದನ್ನು ನೀವೇ ಹುಡುಕಿಕೊಳ್ಳಿ.

ಡಾಲ್ಫಿನ್ ಕಾಣದ ದಿನಕ್ಕಾಗಿ ನೀರಿನ ಸಣ್ಣ ಸಣ್ಣ ಜೀವಿ ಹಿಡಿಯುವ ಒಂದು ಬಲೆ ಮಾಡಿದೆ. ಸ್ಕ್ರೀನ್ ಪ್ರಿಂಟಿಂಗಿಗೆ ಬಳಸುವ ಜಾಳಿಗೆ ಬಟ್ಟೆ, ಬೆಳಗಾವಿಯ ಉದ್ಯಮಬಾಗದಲ್ಲಿ ಬಗ್ಗಿಸಿದ ಕಬ್ಬಿಣದ ಬಳೆ, ತುದಿಗೆ ಪ್ಲಾಸ್ಟಿಕ್ ಬಾಟಲಿ. ನಾನೂರು ರೂಪಾಯಿ ಒಳಗೆ ಮುಗಿಯಿತು. ತೀರಾ ಸಣ್ಣ ಜಾಳಿಗೆ ತಗೊಂಡರೆ ಕಟ್ಟಿಕೊಳ್ಳುತ್ತದೆ, ಬೋಟು ಓಡಿಸಿದರೆ ನೀರು ಬಲೆಯೊಳಗೆ ಹೋಗದೆ ಪಕ್ಕಕ್ಕೆ ಸರಿಯುತ್ತದೆ. ಮನುಷ್ಯ ನಡೆಯುವ ವೇಗದಲ್ಲಿ ಐದು ನಿಮಿಷ ಎಳೆಯಬೇಕು. ದಡಕ್ಕೆ ಬಂದು ಒಂದು ಹನಿಯನ್ನು ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಸಿಗಡಿ ಜಾತಿಯ ಪುಟ್ಟ ಜೀವಿ ಕೋಪೆಪಾಡ್ ಸಿಗುತ್ತದೆ: ನಡುವೆ ಒಂದೇ ಕಣ್ಣು, ಎರಡು ಕಡೆ ಉದ್ದ ಮೀಸೆ, ಗಕ್ಕನೆ ಜಿಗಿದು ಚೌಕಟ್ಟಿನಿಂದ ಮಾಯ. ಡಾಲ್ಫಿನ್ನಿಗಿಂತ ಉದ್ದ ಸಾಲು ಇದಕ್ಕೇ.

ಆಮೇಲೆ ಉಪ್ಪಿನ ಹುಚ್ಚು ಹತ್ತಿತು. ಸಮುದ್ರದ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬಿಡುತ್ತದೆ ಅಲ್ವಾ? ಕಾಳಿ ಬಾಯಿಯಲ್ಲಿ ಒಂದು ಬಾಟಲಿ, ಕೂರ್ಮಗಡದ ಕಡೆ ಇನ್ನೊಂದು ತುಂಬಿಸಿ ಬೆಳಗಾವಿಗೆ ತಂದು, ಶಾಲೆಯ ಬಿಸಿಯೂಟದ ಒಲೆ ಮೇಲೆ ಇಟ್ಟೆವು. ಹೊಳೆ ನೀರು ಬೆರೆತ ಬಾಟಲಿಯಲ್ಲಿ ಉಪ್ಪು ಎದ್ದು ಕಾಣುವಷ್ಟು ಕಮ್ಮಿ. ಮಕ್ಕಳು ಖುಷಿ. ಅಲ್ಯೂಮಿನಿಯಂ ಪಾತ್ರೆಯ ತಳ ಮಾತ್ರ ಕಪ್ಪಗಾಗಿ ಚುಕ್ಕಿ ಚುಕ್ಕಿ ಬಿತ್ತು. ಅಡುಗೆ ಅಕ್ಕ ಅದನ್ನು ನನ್ನ ಮುಂದೆ ಹಿಡಿದು, "ನಾಳಿ ಇದ್ರಾಗ ಸಾರು ಹೆಂಗ ಮಾಡ್ಲಿ ಹೇಳ್ರಿ ಸರ?" ಅಂದರು. ಸ್ಟೀಲ್ ಪಾತ್ರೆ ಕೊಡಿಸಿದೆ, ಏಳುನೂರೋ ಎಂಟುನೂರೋ ಆಯಿತು. ಮುಂದಿನ ಬಿಲ್ಲಿನಲ್ಲಿ 'ಪ್ರಯೋಗ ಸಾಮಗ್ರಿ' ಅಂತ ಸೇರಿಸಿದ್ದೇನೆ.