ಮತಂಗ ಬೆಟ್ಟದ ಆಕಾಶದಲ್ಲಿ ಕಂಡ ಚುಕ್ಕೆಗಳು

ಹಂಪಿಯ ಮತಂಗ ಬೆಟ್ಟದ ಮೇಲಿನಿಂದ ಸೂರ್ಯೋದಯದ ಹೊತ್ತಿನಲ್ಲಿ ತೆಗೆದ ಚಿತ್ರಗಳನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುತ್ತಿದ್ದಾಗ, ಅಚ್ಯುತರಾಯ ದೇವಾಲಯದ ಆಚೆಗಿನ ತಿಳಿ ಆಕಾಶದಲ್ಲಿ ಬೂದು ಬಣ್ಣದ ಐದಾರು ಚುಕ್ಕೆಗಳು ಕಂಡವು. ಹದ್ದುಗಳಿರಬೇಕೆಂದು ಮೊದಲು ಭಾವಿಸಿದೆ. ಆದರೆ ಮುಂದಿನ ಚಿತ್ರಗಳಲ್ಲೂ ಅವು ಚೌಕಟ್ಟಿನ ಅದೇ ಜಾಗದಲ್ಲಿ ಕದಲದೆ ಇದ್ದುದರಿಂದ ದೋಷ ಕ್ಯಾಮೆರಾದ ಒಳಗೇ ಇದೆಯೆಂಬುದು ಖಚಿತವಾಯಿತು. ಲೆನ್ಸಿನ ಮುಂಭಾಗದ ಗಾಜನ್ನು ಎಷ್ಟು ಒರೆಸಿದರೂ ಪ್ರಯೋಜನವಾಗಲಿಲ್ಲ. ಅಲ್ಲಿ ಕುಳಿತ ಧೂಳು ಹೀಗೆ ಚುಕ್ಕೆಯಾಗಿ ಮೂಡುವುದೇ ಇಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ. ಗಾಳಿ ಬೀಸುತ್ತಿದ್ದ ಆ ಬಂಡೆಯ ಮೇಲೆ ನಿಂತು ಎರಡು ಬಾರಿ ಲೆನ್ಸ್ ಬದಲಿಸಿ ಧೂಳಿಗೆ ಒಳದಾರಿ ಕೊಟ್ಟವನು ನಾನೇ.

ಅದೇ ದಿನ ಅದೇ ಕ್ಯಾಮೆರಾದಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಎಫ್/2.8ಕ್ಕೆ ಅಗಲವಾಗಿ ತೆರೆದು ತೆಗೆದ ಚಿತ್ರಗಳಲ್ಲಿ ಒಂದು ಚುಕ್ಕೆಯೂ ಕಾಣದಿದ್ದುದು ನನ್ನನ್ನು ಹೆಚ್ಚು ಕಾಡಿತು. ಧೂಳು ನೇರವಾಗಿ, ಚಿತ್ರವನ್ನು ಗ್ರಹಿಸುವ ಸೆನ್ಸರಿನ ಮೇಲೆ ಕೂರುವುದಿಲ್ಲ, ಅದರ ಮುಂದಿರುವ ತೆಳುವಾದ ಫಿಲ್ಟರ್ ಗಾಜಿನ ಮೇಲೆ ಕೂರುತ್ತದೆ. ಚಿತ್ರದಲ್ಲಿ ಕಾಣುವುದು ಅದರ ನೆರಳು. ಆ ಗಾಜಿಗೂ ಸೆನ್ಸರಿಗೂ ನಡುವಿನ ಅಂತರವನ್ನು 1 ಮಿ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಒಂದು ಬಿಂದುವಿನಲ್ಲಿ ಕೂಡಲು ಬರುವ ಬೆಳಕಿನ ಶಂಕು ಆ ಗಾಜನ್ನು ದಾಟುವಲ್ಲಿ ಎಫ್/2.8ರಲ್ಲಿ ಸುಮಾರು 0.36 ಮಿ.ಮೀ. ಅಗಲವಾಗಿದ್ದರೆ, ಕಿಂಡಿ ಕಿರಿದಾಗುವ ಎಫ್/16ರಲ್ಲಿ ಕೇವಲ 0.06 ಮಿ.ಮೀ. ಇರುತ್ತದೆ. 0.04 ಮಿ.ಮೀ. ಗಾತ್ರದ ಒಂದು ಕಣ ಮೊದಲನೆಯದರಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಬೆಳಕನ್ನು ಮಾತ್ರ ತಡೆದರೆ, ಎರಡನೆಯದರಲ್ಲಿ ನೂರಕ್ಕೆ 40ರಷ್ಟನ್ನು ನುಂಗಿಹಾಕುತ್ತದೆ. ಮದುವೆ ಮತ್ತು ಭಾವಚಿತ್ರಗಳಲ್ಲಿ ವರ್ಷಗಟ್ಟಲೆ ಕಾಣದ ಧೂಳು, ಕಿಂಡಿಯನ್ನು ಕಿರಿದಾಗಿಸಿ ತೆಗೆಯುವ ಭೂದೃಶ್ಯಕ್ಕೆ ಇಳಿದ ದಿನವೇ ಬಯಲಾಗುವುದಕ್ಕೆ ಇದೇ ಕಾರಣ.

ಪರೀಕ್ಷೆಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) 100, ಅಪರ್ಚರ್ ಎಫ್/22 ಇಟ್ಟು, ಫೋಕಸನ್ನು ಬೇಕೆಂದೇ ತಪ್ಪಿಸಿ, ಬಿಳಿ ಗೋಡೆಯ ಎದುರು ಶಟರ್ ತೆರೆದಿರುವಷ್ಟು ಹೊತ್ತೂ ಕ್ಯಾಮೆರಾವನ್ನು ಅಲುಗಾಡಿಸಿದೆ. ಗೋಡೆಯ ಗೀರುಗಳೆಲ್ಲ ಕಲಸಿಹೋಗಿ ಧೂಳಿನ ನೆರಳು ಮಾತ್ರ ನಿಂತಿತು. ಕಾಂಟ್ರಾಸ್ಟ್ ಏರಿಸಿದಾಗ ಐದಾರೆಂದು ಎಣಿಸಿದ್ದವು ಹತ್ತೊಂಬತ್ತಾದವು. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುವುದರಿಂದ, ಚಿತ್ರದ ಮೇಲಿನ ಎಡಮೂಲೆಯ ಕಲೆಯನ್ನು ಕ್ಯಾಮೆರಾದ ಬಾಯಿಯೊಳಗೆ (ಲೆನ್ಸ್ ಕೂರುವ ತೆರಪಿನೊಳಗೆ) ಮುಂದಿನಿಂದ ನೋಡುವಾಗ ಕೆಳಗಿನ ಎಡಮೂಲೆಯಲ್ಲಿ ಹುಡುಕಬೇಕು.

ಇಲ್ಲಿ ನಾನು ಮಾಡಿದ ಒಂದು ಮೂರ್ಖತನವನ್ನೂ ಹೇಳಬೇಕು. ಗಾಳಿ ಊದುವ ರಬ್ಬರ್ ಬುರುಡೆ, ಅಂದರೆ ಬ್ಲೋವರ್, ಕೈಗೆ ಸಿಗಲಿಲ್ಲವೆಂದು ಬಾಯಿಂದಲೇ ಊದಿದೆ. ಒಣಗಿದ್ದ ಧೂಳಿನ ಜೊತೆಗೆ ಎಂಜಲಿನ ಎರಡು ಹನಿಗಳೂ ಗಾಜಿಗೆ ಅಂಟಿ ಒಣಗಿ, ಮುಂದಿನ ಪರೀಕ್ಷೆಯಲ್ಲಿ ಉಂಗುರಗಳಂತೆ ಕಂಡವು. ಕ್ಯಾಮೆರಾದೊಳಗೇ ಗಾಜನ್ನು ಅದುರಿಸಿ ಧೂಳು ಕೊಡವುವ ವ್ಯವಸ್ಥೆ 2003ರ ಒಲಿಂಪಸ್ ಇ-1ರಿಂದಲೇ ಬಂದಿದ್ದರೂ, ಅದು ಉದುರಿಸುವುದು ಒಣ ಧೂಳನ್ನು. ಅಂಟಿದ ಕಲೆ ಅದಕ್ಕೆ ಬಗ್ಗುವುದಿಲ್ಲ.

ಮರುದಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕ್ಲೀನಿಂಗ್ ಮೆನುವಿನಿಂದ ಸೆನ್ಸರಿನ ಮುಂದಿರುವ ಕನ್ನಡಿಯನ್ನು ಮೇಲೆತ್ತಿ, ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಊದಿದಾಗ ಹದಿನಾಲ್ಕು ಚುಕ್ಕೆಗಳು ಹೋದವು. ಉಳಿದವುಗಳಿಗೆ ಸೆನ್ಸರಿನ ಅಳತೆಯ ಸ್ವ್ಯಾಬ್ (ಒರೆಸುವ ಕಡ್ಡಿ) ತೆಗೆದುಕೊಂಡು, ಎರಡೇ ಹನಿ ದ್ರಾವಣ ಹಾಕಿ, ಒಂದಂಚಿನಿಂದ ಇನ್ನೊಂದಂಚಿಗೆ ನಿಲ್ಲಿಸದೆ ಒಮ್ಮೆ ಎಳೆದು, ಮಗ್ಗುಲು ತಿರುಗಿಸಿ ಹಿಂದಕ್ಕೆ ಎಳೆದೆ. ಕೈ ನಡುಗುತ್ತಿತ್ತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಮೊದಲ ಸ್ವ್ಯಾಬ್ ಕಲೆಯನ್ನು ಅಂಚಿಗೆ ತಳ್ಳಿತಷ್ಟೆ. ಅದನ್ನು ಎಸೆದು ಹೊಸದನ್ನು ಬಳಸಿದ ಮೇಲೆ ಉಂಗುರಗಳೂ ಅಳಿಸಿದವು.

ಹಂಪಿಯ ಚಿತ್ರಗಳಲ್ಲಿ ಚುಕ್ಕೆಗಳ ಜಾಗ ಒಂದೇ ಆಗಿದ್ದುದರಿಂದ, ಒಂದು ಚಿತ್ರದ ಆಕಾಶವನ್ನು ಸಾಫ್ಟ್‌ವೇರಿನಲ್ಲಿ ತಿದ್ದಿ ಆ ತಿದ್ದುಪಡಿಯನ್ನೇ ಉಳಿದವಕ್ಕೆ ನಕಲು ಮಾಡಿದೆ. ಗೋಪುರದ ಕೆತ್ತನೆಯ ಮೇಲೆ ಚುಕ್ಕೆ ಬಿದ್ದಿದ್ದ ಮೂರು ಚಿತ್ರಗಳನ್ನು ಮಾತ್ರ ಕೈಯಿಂದಲೇ ಸರಿಪಡಿಸಬೇಕಾಯಿತು. ಒಂದು ಚುಕ್ಕೆ ಇಂದಿಗೂ ಕ್ಯಾಮೆರಾದಲ್ಲಿ ಉಳಿದಿದೆ. ಅದು ಚಿತ್ರದ ಕೆಳಗಿನ ಅಂಚಿನಲ್ಲಿ, ಸಾಮಾನ್ಯವಾಗಿ ಕಲ್ಲುಮಣ್ಣಿನ ನಡುವೆ ಬೀಳುವುದರಿಂದ, ಅದೊಂದಕ್ಕಾಗಿ ಗಾಜನ್ನು ಮತ್ತೊಮ್ಮೆ ಉಜ್ಜುವ ಅಪಾಯಕ್ಕೆ ನಾನು ಕೈಹಾಕಿಲ್ಲ.