ಟೊಮೆಟೊ ಮಂಡಿಯಲ್ಲಿ ಕೀಬೋರ್ಡ್ ಉಳಿಸಿಕೊಂಡ ಕಥೆ

ಹೋದ ತಿಂಗಳು ಫ್ಯಾನ್ ಸದ್ದು ಮಾಡುತ್ತಿದೆ ಅಂತ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟೆ. ಹುಡುಗ ಬಿಚ್ಚಿದ. ಕೀಬೋರ್ಡ್ ಎತ್ತಿ ನೋಡಿದ, ಕ್ಲೀನಾಗಿತ್ತು. ಆಮೇಲೆ ನನ್ನ ಮುಖ ನೋಡಿದ. "ಅಣ್ಣಾ, ಇದು ಮಂಡೀಲಿ ಇಟ್ಕೊಳ್ಳೋ ಮಿಷನ್ನೇನಾ?" ಅಂದ. ಮೂರು ಸೀಸನ್ ಹಿಂದೆ ಇದೇ ಹುಡುಗ "ಕೀಬೋರ್ಡಿಗೆ ಕವರ್ ಗಿವರ್ ಹಾಕಬೇಡಿ ಅಣ್ಣಾ, ಬಿಸಿ ಹಿಡಿದು ಬೋರ್ಡ್ ಹೋಗುತ್ತೆ" ಅಂತ ನನಗೆ ಬುದ್ಧಿ ಹೇಳಿದ್ದ. ಅವನ ಮುಖ ನೋಡಿದ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ರೈಟರ್. ಹರಾಜು ಕೂಗುತ್ತಿದ್ದ ಹಾಗೇ ಬಾಕ್ಸ್ ಎಷ್ಟು, ರೇಟು ಎಷ್ಟು ಅಂತ ಹೊಡೆದು ರೈತರಿಗೆ ಪಟ್ಟಿ ಕೊಡುವುದು ಕೆಲಸ. ಲ್ಯಾಪ್‌ಟಾಪ್ ನನ್ನದು. ಅದರ ಬಾಡಿಗೆ ಅಂತ ಸಾಹುಕಾರರು ತಿಂಗಳಿಗೆ 600 ಕೊಡುತ್ತಾರೆ. ಕೆಟ್ಟರೆ ನನ್ನ ಜೇಬಿಂದಲೇ. ಹಾಗಾಗಿ ಆಫೀಸಿನಲ್ಲಿ ಏಸಿ ಕೆಳಗೆ ಕೂತವರು ಕವರ್ ಬೇಕಾ ಬೇಡವಾ ಅಂತ ಯೋಚಿಸುವುದೇ ಬೇರೆ, ನಾನು ಯೋಚಿಸುವುದೇ ಬೇರೆ.

ನಮ್ಮ ಧೂಳು ಬರೀ ಧೂಳಲ್ಲ. ಕ್ರೇಟಿನ ತಳಕ್ಕೆ ಅಂಟಿಕೊಂಡು ಬಂದ ಕೆಮ್ಮಣ್ಣು, ಅದರ ಜೊತೆ ಒಡೆದ ಹಣ್ಣಿನ ರಸ, ಮೇಲೆ ಲಾರಿ ಹೊಗೆ. ಒಣಗಿದರೆ ಗೋಂದಿನ ಹಾಗೆ ಹಿಡಿಯುತ್ತದೆ. ಬ್ಲೋಯರ್ ಹಿಡಿದರೆ ಹಾರುವುದಿಲ್ಲ, ಇನ್ನೂ ಒಳಗೆ ಹೋಗಿ ಕೂರುತ್ತದೆ.

ಮೊದಲ ಕೀಬೋರ್ಡ್ ಹೋಗಿದ್ದು ಟೀಯಿಂದ, 2021ರಲ್ಲಿ. ಹಮಾಲಿ ಹುಡುಗನೊಬ್ಬ ಕ್ರೇಟ್ ಇಳಿಸುವಾಗ ಮೊಣಕೈ ತಾಗಿ ಅರ್ಧ ಲೋಟ ಟೀ ಕೀಬೋರ್ಡ್ ಮೇಲೆ ಚೆಲ್ಲಿತು. ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು, ಚಾರ್ಜರ್ ಕೀಳಬೇಕು, ಬೋರಲು ಹಾಕಬೇಕು. ಇಷ್ಟು ನನಗೂ ಗೊತ್ತಿತ್ತು, ಮಾಡಿದೆ ಕೂಡ. ಆದರೆ ಅರ್ಧ ಗಂಟೆಗೆ ಮನಸ್ಸು ತಡೆಯದೆ "ಆನ್ ಆಗುತ್ತಾ ನೋಡೋಣ" ಅಂತ ಒತ್ತಿದೆ. ಅದೇ ತಪ್ಪು. ಮನೆಗೆ ತಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅದು ಇನ್ನೊಂದು ತಪ್ಪು. ಸಕ್ಕರೆ ಟೀ ಒಣಗಿದರೆ ಒಳಗೆ ಪಾಕ ಆಗುತ್ತದೆ, ಅದನ್ನು ಅಕ್ಕಿ ಏನು ಮಾಡೀತು? ಜೊತೆಗೆ ಅಕ್ಕಿ ತೌಡು ಫ್ಯಾನ್ ಜಾಲರಿಗೆ ಹೋಯಿತು. ಕೀಬೋರ್ಡಿಗೆ 1,900, ಒಳಗೆ ಕ್ಲೀನ್ ಮಾಡಿದ್ದಕ್ಕೆ 400.

ಎರಡನೆಯದು ಮಾರನೇ ವರ್ಷ. ನಂಬರ್ ಪ್ಯಾಡಿನ ಎಂಟರ್ ಕೆಳಗೆ ಹೋದರೆ ಮೇಲೆ ಬರುತ್ತಿರಲಿಲ್ಲ. ಕೀಲಿಯನ್ನು ಉಗುರಲ್ಲಿ ಮೀಟಿ ತೆಗೆದೆ. ಕತ್ತರಿ ಥರದ ಆ ಪುಟಾಣಿ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಒಂದು ಟೊಮೆಟೊ ಬೀಜ. ಒಂದೇ ಒಂದು. ಸುತ್ತ ಸಿಪ್ಪೆಯ ತುಣುಕು ಅಂಟಿಕೊಂಡಿತ್ತು. ಗುಂಡುಸೂಜಿಯಲ್ಲಿ ಅದನ್ನು ತೆಗೆಯಲು ಹೋಗಿ ಕತ್ತರಿಯ ಕೊಕ್ಕೆಯನ್ನೇ ಮುರಿದೆ. ಆ ಕೊಕ್ಕೆ ಬಿಡಿಯಾಗಿ ಸಿಗಲಿಲ್ಲ. ಪೂರ್ತಿ ಕೀಬೋರ್ಡ್, 2,300. ಒಂದು ಬೀಜಕ್ಕೆ! ಆ ಸೀಸನ್‌ನಲ್ಲಿ ರೈತರಿಗೆ ಎರಡು ಬಾಕ್ಸಿಗೂ ಅಷ್ಟು ಸಿಕ್ಕಿರಲಿಲ್ಲ.

ಆಮೇಲೆ ಕವರ್ ಹಾಕುವ ತೀರ್ಮಾನಕ್ಕೆ ಬಂದೆ.

ಮೊದಲು ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ತಟ್ಟೆ ಮುಚ್ಚುತ್ತಾರಲ್ಲ, ಅದು. ಖರ್ಚು ಸೊನ್ನೆ. ಒಂದು ದಿನ ಚೆನ್ನಾಗಿತ್ತು. ಎರಡನೇ ದಿನಕ್ಕೆ ಸುಕ್ಕುಗಟ್ಟಿ ಬೆರಳಿಗೇ ಸುತ್ತಿಕೊಂಡಿತು. ಪಕ್ಕದ ಮಂಡಿಯ ರೈಟರ್ ನೋಡಿ "ಏಮಯ್ಯಾ, ಮಿಷನ್‌ಕಿ ರೈನ್‌ಕೋಟಾ?" ಅಂತ ನಕ್ಕ. ಆ ಹೆಸರು ಇವತ್ತಿಗೂ ಉಳಿದಿದೆ. ನನ್ನನ್ನು ರೈನ್‌ಕೋಟ್ ರೈಟರ್ ಅಂತಲೇ ಕರೆಯುತ್ತಾರೆ.

ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಸಿಲಿಕಾನ್ ಕವರ್ ತಂದೆ. ಎಲ್ಲಾ ಲ್ಯಾಪ್‌ಟಾಪಿಗೂ ಆಗುತ್ತೆ ಅಂದರು. 130 ಕೇಳಿದರು, 100ಕ್ಕೆ ಕೊಟ್ಟರು. ಎಲ್ಲದಕ್ಕೂ ಆಗುವುದು ಅಂದರೆ ಯಾವುದಕ್ಕೂ ಸರಿಯಾಗಿ ಆಗದ್ದು. ಕೀಲಿಗಳ ಮೇಲೆ ಬರೀ ಹಾಳೆ ಹಾಸಿದ ಹಾಗೆ, ದಪ್ಪ ಬೇರೆ. ಒತ್ತಿದ್ದು ಬಿತ್ತೋ ಇಲ್ಲವೋ ಬೆರಳಿಗೆ ಗೊತ್ತಾಗುವುದಿಲ್ಲ. ಅಕ್ಷರ ಹೊಡೆಯುವವರಿಗೆ ಪರವಾಗಿಲ್ಲ, ತಪ್ಪಾದರೆ ಕಣ್ಣಿಗೆ ಬೀಳುತ್ತದೆ. ಸಂಖ್ಯೆ ಹಾಗಲ್ಲ. ಒಂದು ದಿನ 62 ಬಾಕ್ಸ್, ರೇಟು 480. ಸೊನ್ನೆ ಬೀಳಲಿಲ್ಲ, 48 ಆಯಿತು. 29,760 ಬರಬೇಕಾದ ಕಡೆ 2,976ಕ್ಕೆ ಪಟ್ಟಿ ಹೋಯಿತು. ರೈತ ಶ್ರೀನಿವಾಸಪುರದ ಕಡೆಯವರು, ವಯಸ್ಸಾದವರು. ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಏನೂ ಮಾತಾಡದೆ ನನ್ನ ಮೇಜಿನ ಮೇಲೆ ಇಟ್ಟು ನಿಂತರು. ಬೈದಿದ್ದರೆ ವಾಸಿಯಿತ್ತು. ಬೈಯುವ ಕೆಲಸವನ್ನು ಸಾಹುಕಾರರು ಮಾಡಿದರು, ಹತ್ತು ಜನರ ಮುಂದೆ.

ಅದೇ ಕವರಿಂದ ಇನ್ನೊಂದು ದೊಡ್ಡ ಏಟು ಬಿತ್ತು. ಊಟಕ್ಕೆ ಎದ್ದಾಗ ಕವರ್ ತೆಗೆಯದೆ ಹಾಗೇ ಮುಚ್ಚಿದೆ. ಕವರ್ ಮೇಲೆ ಒಂದು ಕಲ್ಲಿನ ಹರಳು ಇತ್ತು ಅಂತ ಕಾಣುತ್ತದೆ. ಯಾರೋ ಬಂದು ಲೆಜರ್ ಪುಸ್ತಕ ಮೇಲಿಟ್ಟು ಹೋದರು. ವಾಪಸ್ ಬಂದು ತೆರೆದರೆ ಸ್ಕ್ರೀನಿನ ಮೂಲೆಯಿಂದ ಜೇಡರ ಬಲೆ. 4,800. ನಮ್ಮ ಮನೆಯವರಿಗೆ ಇವತ್ತಿಗೂ 3,000 ಅಂತಲೇ ಹೇಳಿದ್ದೇನೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿದಾಗ ಸ್ಕ್ರೀನಿಗೂ ಕೀಲಿಗೂ ನಡುವೆ ಜಾಗವೇ ಇರುವುದಿಲ್ಲ. ಆಪಲ್‌ನವರು ಕೂಡ ಕೀಬೋರ್ಡ್ ಕವರ್ ತೆಗೆದೇ ಮುಚ್ಚಿ ಅನ್ನುತ್ತಾರೆ, 0.1 ಮಿಲಿಮೀಟರ್‌ಗಿಂತ ದಪ್ಪ ಏನೂ ಇರಬಾರದಂತೆ. ಪ್ರಿಂಟರ್ ಹಾಳೆಯಷ್ಟು ಅನ್ನಿ. ಇದು ನನಗೆ ಗೊತ್ತಾಗಿದ್ದು ಸ್ಕ್ರೀನ್ ಒಡೆದ ಮೇಲೆ, ಬೆಂಗಳೂರಲ್ಲಿರುವ ಅಕ್ಕನ ಮಗ ಹೇಳಿ. ಅವನೇ ಇನ್ನೊಂದು ವಿಷಯ ಹೇಳಿ ಸಮಾಧಾನ ಮಾಡಿದ. ಅದೇ ಆಪಲ್ 2015ರಲ್ಲಿ ಬಟರ್‌ಫ್ಲೈ ಅಂತ ತೆಳ್ಳನೆಯ ಕೀಬೋರ್ಡ್ ತಂದಿತ್ತು. ಕೀಲಿ ಕಚ್ಚಿಕೊಳ್ಳುತ್ತವೆ ಅಂತ ದೂರು ಬಂದು ಬಂದು ಕೊನೆಗೆ 2018ರಲ್ಲಿ ಪುಕ್ಕಟೆ ರಿಪೇರಿ ಶುರು ಮಾಡಬೇಕಾಯಿತು. ಅಂಥವರಿಗೇ ಆ ಗತಿ, ನಮ್ಮದು ಟೊಮೆಟೊ ಬೀಜ.

"ಯುಎಸ್‌ಬಿ ಕೀಬೋರ್ಡ್ ಹಾಕ್ಕೊಳ್ಳಯ್ಯಾ, 400 ರೂಪಾಯಿ" ಅಂತ ಎಲ್ಲರೂ ಹೇಳಿದರು. ಹಾಕಿದೆ. ನಮ್ಮ ಮೇಜು ಅಂದರೆ ಮೇಜಲ್ಲ, ಎರಡು ಕ್ರೇಟಿನ ಮೇಲೆ ಒಂದು ಹಲಗೆ. ಪ್ರಿಂಟರ್, ಲೆಜರ್, ಕ್ಯಾಲ್ಕುಲೇಟರ್, ದುಡ್ಡಿನ ಡಬ್ಬಿ. ಕೀಬೋರ್ಡ್ ತೊಡೆ ಮೇಲೆ ಬಂತು. ಮೂರನೇ ದಿನ ಯಾರದೋ ಕಾಲಿಗೆ ವೈರ್ ಸಿಕ್ಕಿ ಲ್ಯಾಪ್‌ಟಾಪೇ ಬೀಳುವುದರಲ್ಲಿತ್ತು. ಬಿಟ್ಟೆ.

ಆದರೆ ಆ ಮೂರು ದಿನದಲ್ಲಿ ಒಂದು ವಿಷಯ ಹೊಳೆಯಿತು. ನಾನು ಅಕ್ಷರ ಹೊಡೆಯುವುದು ಎಷ್ಟು? ರೈತರ ಹೆಸರು, ಊರು. ಅದೂ ಹಳಬರದ್ದು ಎರಡಕ್ಷರ ಹೊಡೆದರೆ ತಾನೇ ಬರುತ್ತದೆ. ಮಿಕ್ಕಿದ್ದೆಲ್ಲಾ ಸಂಖ್ಯೆ. ಕೀಬೋರ್ಡು ಸಾಯುವುದೂ ಸಂಖ್ಯೆ ಕಡೆಯಿಂದಲೇ. ನಮ್ಮ ರೇಟು ಹತ್ತರ ಲೆಕ್ಕದಲ್ಲಿ ಓಡುವುದರಿಂದ ಎಲ್ಲಕ್ಕಿಂತ ಮೊದಲು ಸೊನ್ನೆ ಸವೆಯುತ್ತದೆ.

ಹಾಗಾಗಿ 2023ರ ಸೀಸನ್ ಶುರುವಿಗೆ ಎರಡನ್ನೂ ಬೇರೆ ಮಾಡಿದೆ. ಸಂಖ್ಯೆಗೆ ಅಂಗೈ ಅಗಲದ ಯುಎಸ್‌ಬಿ ನಂಬರ್ ಪ್ಯಾಡ್, ಸುಮಾರು 400 ರೂಪಾಯಿ. ಅದಕ್ಕೆ ಕವರ್ ಗಿವರ್ ಏನೂ ಇಲ್ಲ. ರಸ ಬೀಳಲಿ, ಮಣ್ಣು ಬೀಳಲಿ, ಸತ್ತರೆ ಇನ್ನೊಂದು. ವೈರನ್ನು ಹಲಗೆಗೆ ಮೊಳೆ ಹೊಡೆದು ಸುತ್ತಿದೆ. ಲ್ಯಾಪ್‌ಟಾಪಿನ ಕೀಬೋರ್ಡಿಗೆ ಪೂರ್ತಿ ಕವರ್, ಈ ಸಲ ಮಾಡೆಲ್ ನಂಬರ್ ನೋಡಿ ತರಿಸಿದ ಟಿಪಿಯು ಕವರ್, ಅಂದರೆ ತೆಳ್ಳನೆಯ ಬಗ್ಗುವ ಪ್ಲಾಸ್ಟಿಕ್ಕಿನದು. ಪ್ರತಿ ಕೀಲಿಗೂ ಗುಬ್ಬಿ ಗೂಡಿನ ಹಾಗೆ ಅಚ್ಚು ಇರುತ್ತದೆ. 250ರಿಂದ 300. ಮಾಡೆಲ್ ನಂಬರ್ ಲ್ಯಾಪ್‌ಟಾಪಿನ ತಳದಲ್ಲಿ ನೋಡಿ, ಬಿಲ್ಲಿನಲ್ಲಿ ನೋಡಬೇಡಿ. ನನಗೆ ಒಂದು ಸಲ ಡಿಲೀಟ್ ಕೀಲಿಯ ಅಳತೆ ತಪ್ಪಿ ಬಂದು 280 ನೀರಿಗೆ ಹೋಯಿತು.

ಒಂದಲ್ಲ, ಎರಡು ತರಿಸಿ. ಒಂದು ಕೀಬೋರ್ಡಿನ ಮೇಲೆ, ಒಂದು ಒಗೆದು ಒಣಗಲು. ರಾತ್ರಿ ಮನೆಗೆ ಬಂದು ಪಾತ್ರೆ ಸೋಪಿನ ನೀರಲ್ಲಿ ಅದ್ದಿ ಮೆತ್ತಗೆ ಉಜ್ಜುತ್ತೇನೆ, ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಹಾಕಿದ್ದು ಹಳದಿ ತಿರುಗಿ ಮುರುಟಿಕೊಂಡಿತ್ತು. ಒಣಗಿದ ಮೇಲೆ ಅಂಟಂಟು ಆಗದಿರಲು ಒಂದು ಪುಡಿ ತಟ್ಟುತ್ತೇನೆ. ಅದರ ಹೆಸರು ಹೇಳುವುದಿಲ್ಲ, ನಿಮ್ಮ ಮನೆಯಲ್ಲೂ ಇದೆ. ಕವರಿನ ಮೂಲೆ ಏಳದ ಹಾಗೆ ಗೋಂದು, ಟೇಪು ಇಲ್ಲದೆ ಹಿಡಿಸುವ ಉಪಾಯವೂ ಒಂದಿದೆ. ಅದನ್ನೂ ಹೇಳಲ್ಲ. ಪಕ್ಕದ ಮಂಡಿಯವರು ಓದುತ್ತಾರೆ.

ಇನ್ನು ಬಿಸಿ. ಆ ರಿಪೇರಿ ಹುಡುಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಟೆಂಪರೇಚರ್ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಏಪ್ರಿಲ್ ಬಿಸಿಲಲ್ಲಿ ಒಂದು ವಾರ ಬರೆದಿಟ್ಟೆ. ಕವರ್ ಇಲ್ಲದೆ 58, 60ರ ಆಸುಪಾಸು. ಹಾಕಿದರೆ ಮೂರ್ನಾಲ್ಕು ಡಿಗ್ರಿ ಜಾಸ್ತಿ. ಪಟ್ಟಿ ಹೊಡೆಯುವ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ, ಯಾಕೆಂದರೆ ನನ್ನದು ಗಾಳಿ ಎಳೆಯುವುದು ತಳದಿಂದ. ತಳಕ್ಕೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದೇನೆ, ಆ ಮೂರ್ನಾಲ್ಕು ಡಿಗ್ರಿ ಅಲ್ಲೇ ಇಳಿಯಿತು. ಅಕ್ಕನ ಮಗನ ಗೇಮ್ ಆಡುವ ಲ್ಯಾಪ್‌ಟಾಪಿಗೂ ಒಂದು ಭಾನುವಾರ ಕವರ್ ಹಾಕಿ ನೋಡಿದೆವು. ಅದು ಕೀಲಿಗಳ ಸಂದಿಯಿಂದಲೂ ಗಾಳಿ ಎಳೆಯುತ್ತದೆ. ಹತ್ತು ನಿಮಿಷಕ್ಕೆ 90 ದಾಟಿ, ಫ್ಯಾನ್ ವಿಮಾನದ ಹಾಗೆ ಕಿರುಚಿ, ಆಟ ತಡವರಿಸಿತು. ಅಂಥದ್ದು ನಿಮ್ಮಲ್ಲಿದ್ದರೆ ಕವರ್ ಆಸೆ ಬಿಡಿ. ಮನೆಯಲ್ಲಿ ಬರೀ ಸಿನಿಮಾ ನೋಡುವವರಿಗೂ ಬೇಡ, ಸುಮ್ನೆ ದುಡ್ಡು ದಂಡ. ನಾನೂ ಮನೆಯಲ್ಲಿ ಹಾಕುವುದಿಲ್ಲ. ಮಂಡಿಯಲ್ಲಿ ಕೂತ ಮೇಲೆ ಹಾಕು, ಏಳುವ ಮುಂಚೆ ತೆಗಿ, ಆಮೇಲೆ ಮುಚ್ಚು. ಮೊದಲ ತಿಂಗಳು ಮರೆತುಹೋಗುತ್ತಿತ್ತು. ಪ್ರಿಂಟರ್ ಮೇಲೆ "ರೈನ್‌ಕೋಟ್ ತೆಗಿ" ಅಂತ ಚೀಟಿ ಅಂಟಿಸಿದೆ.

ಟೀ ಮತ್ತೆ ಚೆಲ್ಲಿತೇ? ಚೆಲ್ಲಿತು, ಎರಡು ಸಲ. ಕವರ್ ಮೇಲೆ ಕೆರೆ ಕಟ್ಟಿದ ಹಾಗೆ ನಿಂತಿತ್ತು. ಇಲ್ಲಿ ಗಾಬರಿಯಲ್ಲಿ ಒಂದು ಕಡೆಯಿಂದ ಎಳೆದರೆ ಅಷ್ಟೂ ಒಳಗೇ ಸುರಿಯುತ್ತದೆ. ಮೊದಲು ಬಟ್ಟೆಯಿಂದ ಹೀರಬೇಕು. ಆಮೇಲೆ ಊಟದ ಎಲೆ ಮಡಚುವ ಹಾಗೆ ನಾಲ್ಕೂ ಕಡೆ ಒಳಕ್ಕೆ ಮಡಚಿ ಎತ್ತಬೇಕು. ಎರಡನೇ ಸಲ ಜಾಲರಿ ಪಕ್ಕಕ್ಕೆ ಒಂದೆರಡು ಹನಿ ಹೋಯಿತು. ಆಫ್ ಮಾಡಿ, ಈ ಸಲ ಮನಸ್ಸು ಗಟ್ಟಿ ಮಾಡಿ ಮಾರನೇ ದಿನದವರೆಗೂ ಆನ್ ಮಾಡಲಿಲ್ಲ. ಏನೂ ಆಗಲಿಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಹೊಸದಾಗಿ ಬಂದ ಹುಡುಗನಿಗೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಲು ಬರುತ್ತಿರಲಿಲ್ಲ. ಹಳೇ ಪಾರದರ್ಶಕ ಕವರ್ ಮೇಲೆ ಮಾರ್ಕರ್ ಪೆನ್ನಲ್ಲಿ ಕನ್ನಡ ಅಕ್ಷರ ಬರೆದುಕೊಟ್ಟೆ. ಕೆ ಮೇಲೆ ಕ, ಎಫ್ ಮೇಲೆ ಒತ್ತಿನ ಗುರುತು, ಹೀಗೆ. ಸಂಜೆಗೆ ಅವನ ಹತ್ತೂ ಬೆರಳು ನೀಲಿ, ಪಟ್ಟಿ ತಗೊಂಡ ರೈತರ ಕೈಯೂ ನೀಲಿ. ಅಕ್ಷರಗಳನ್ನು ಕವರಿನ ಒಳಮೈಗೆ ತಿರುಗುಮುರುಗಾಗಿ ಬರೆದರೆ ಅಳಿಸುವುದಿಲ್ಲ ಅಂತ ಆಮೇಲೆ ಹೊಳೆಯಿತು. ಕನ್ನಡಿ ಹಿಡಿದು ಎರಡು ರಾತ್ರಿ ಬರೆದೆ. ಹುಡುಗ ಹದಿನೈದು ದಿನದಲ್ಲಿ ಕಲಿತ. ಕಲಿತವನೇ ಇನ್ನೊಂದು ಮಂಡಿಗೆ ಜಾಸ್ತಿ ಸಂಬಳಕ್ಕೆ ಹೋದ.

2023ರ ಜುಲೈ ನಿಮಗೂ ನೆನಪಿರಬೇಕಲ್ಲ? 15 ಕೆಜಿ ಬಾಕ್ಸ್ 2,000 ದಾಟಿತ್ತು. ರೇಟಿಗೆ ನಾಲ್ಕು ಅಂಕಿ ಹೊಡೆದು ಅಭ್ಯಾಸವೇ ಇರಲಿಲ್ಲ. ಮಂಡಿಯಲ್ಲಿ ಕಾಲಿಡಲು ಜಾಗ ಇಲ್ಲ, ಟಿವಿಯವರ ಕ್ಯಾಮೆರಾ ಬೇರೆ. ಆ ತಿಂಗಳು ಒಂದು ನಂಬರ್ ಪ್ಯಾಡ್ ಸತ್ತಿತು. ಹಮಾಲಿ ಹುಡುಗನನ್ನು ಓಡಿಸಿ ಅರ್ಧ ಗಂಟೆಯಲ್ಲಿ ಇನ್ನೊಂದು ತರಿಸಿ ಚುಚ್ಚಿದೆ. ಅಷ್ಟರವರೆಗೆ ಸಂಖ್ಯೆಯನ್ನು ಕವರ್ ಮೇಲಿಂದಲೇ ನಿಧಾನಕ್ಕೆ ಹೊಡೆದೆ. ತೆಳ್ಳನೆಯದಾದ್ದರಿಂದ ಬಿತ್ತು. ಆದರೂ ಪ್ರತಿ ಪಟ್ಟಿಯ ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ ಕೊಟ್ಟೆ.

ಲೆಕ್ಕ ಹೇಳದಿದ್ದರೆ ನಾನೆಂಥ ರೈಟರ್? ಕವರ್ ಇಲ್ಲದ, ಇಲ್ಲವೇ ತಪ್ಪು ಕವರಿನ ಎರಡು ವರ್ಷದಲ್ಲಿ ಹೋಗಿದ್ದು ಹೆಚ್ಚುಕಮ್ಮಿ 9,500. ಈ ಮೂರು ಸೀಸನ್‌ನಲ್ಲಿ ಏಳೋ ಎಂಟೋ ಕವರ್, ಮೂರು ನಂಬರ್ ಪ್ಯಾಡ್. ಎಲ್ಲಾ ಸೇರಿ 3,300 ದಾಟಿಲ್ಲ. ಕೀಬೋರ್ಡ್ ಅದೇ 2,300ದ್ದು. ಎಸ್ಕೇಪ್ ಕೀಲಿ ಮಾತ್ರ ಸ್ವಲ್ಪ ಬಿಗಿ. ಅದು ಮಂಡಿಯ ತಪ್ಪಲ್ಲ, ಭಾನುವಾರ ಮುಳಬಾಗಿಲು ದೋಸೆ ತಿಂದ ಕೈಯಲ್ಲೇ ಮನೆಯಲ್ಲಿ ಮುಟ್ಟಿದ್ದೆ, ಕವರ್ ಇಲ್ಲದೆ.

ಪಕ್ಕದ ಮಂಡಿಯ ರೈಟರ್ ಮೊನ್ನೆ ಹುಡುಗನನ್ನು ಕಳಿಸಿದ್ದ, ಕವರ್ ಎಲ್ಲಿ ಸಿಗುತ್ತೆ ಕೇಳಿಕೊಂಡು ಬಾ ಅಂತ. ಮಾಡೆಲ್ ನಂಬರ್ ಬರೆದು ಕಳಿಸು ಅಂದೆ. ಬಿಲ್ಲಿನಲ್ಲಿದ್ದ ನಂಬರ್ ಬರೆದು ಕಳಿಸಿದ್ದಾನೆ.