ಮೊಟ್ಟೆ ತಂದ ಕೂಡಲೇ ತೊಳೆಯಬೇಡಿ

ನಾಟಿ ಮೊಟ್ಟೆ ತಂದ ತಕ್ಷಣ ತೊಳೆದು ಇಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಕೋಳಿಯ ಹೊಟ್ಟೆಯಲ್ಲಿ ಹಳದಿ ಭಾಗ ಕಳಚಿಕೊಂಡ ಮೇಲೆ ಮೊಟ್ಟೆ ಹೊರಬರಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಹತ್ತಿರ ಹತ್ತಿರ 20 ಗಂಟೆ ಬರೀ ಚಿಪ್ಪಿಗೇ ಹೋಗುತ್ತದೆ, ಪಾಪ! ಆ ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿವೆ. ಅವನ್ನು ಮುಚ್ಚಲು ಕೊನೆಗೆ ಒಂದು ತೆಳು ಲೇಪ ಬರುತ್ತದೆ. ತೊಳೆದರೆ ಅದೇ ಹೋಗುತ್ತದೆ, ಅಲ್ವಾ? ಕೊಳೆ ಇದ್ದರೆ ಒಣಬಟ್ಟೆಯಲ್ಲಿ ಒರೆಸಿಡಿ.

ಅಡುಗೆಗೆ ಮುಂಚೆ ನೀರಲ್ಲಿ ಬಿಟ್ಟು ನೋಡಿ. ಅಡ್ಡ ಮಲಗಿದರೆ ತಾಜಾ. ತಳದಲ್ಲೇ ನೆಟ್ಟಗೆ ನಿಂತರೆ ಹಳೆಯದು. ಒಳಗಿನ ತೇವ ಆರಿ, ದಪ್ಪ ತುದಿಯಲ್ಲಿ ಗಾಳಿ ಜಾಸ್ತಿಯಾಗಿರುತ್ತದೆ. ತೇಲಿದರೆ ನಾನಂತೂ ಬಳಸುವುದಿಲ್ಲ.

ಚಿಪ್ಪು ಕಂದು ಅಂತ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಆ ಬಣ್ಣ ಕೋಳಿಯ ತಳಿಯದು.